ಮೀನಿನ ತೊಟ್ಟಿಯ ವಾಸನೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಮನೆಯ ಅಕ್ವೇರಿಯಂ ಗಬ್ಬು ವಾಸನೆ ಹೊಡೀತಿದೆ. ಭಾನುವಾರ ಪೂರ್ತಿ ಖಾಲಿ ಮಾಡಿ ತೊಳೆದುಬಿಡ್ತೀನಿ" ಎಂದ. "ತಡಿಯಪ್ಪ, ಅವಸರ ಮಾಡಬೇಡ" ಎಂದೆ. ಆ ಮಾತಿನ ಹಿಂದಿದ್ದದ್ದು ನನ್ನದೇ ಒಂದು ತಪ್ಪು. ಅದನ್ನು ನಿಮ್ಮೆಲ್ಲರಿಗೂ ಹೇಳಿಬಿಡುವುದು ಒಳ್ಳೆಯದೆನಿಸಿತು.

ನಿವೃತ್ತನಾದ ಮೇಲೆ ಮೊಮ್ಮಗಳ ಆಸೆಗೆಂದು ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇರಿಸಿ, ನಾಲ್ಕು ಗೋಲ್ಡ್ ಫಿಶ್ ತಂದು ಬಿಟ್ಟಿದ್ದೆವು. ಕೆಲವು ತಿಂಗಳಲ್ಲಿ ತೊಟ್ಟಿ ನಾರತೊಡಗಿತು. ಮನೆಗೆ ನೆಂಟರು ಬರುವವರಿದ್ದರು. ನಾನು ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬಿದೆ. ತೊಟ್ಟಿ ಸ್ಫಟಿಕದಂತೆ ಹೊಳೆಯಿತು, ವಾಸನೆಯ ಸುಳಿವೇ ಇರಲಿಲ್ಲ. ಒಂದು ವಾರದೊಳಗೆ ಮೂರು ಮೀನುಗಳು ಸತ್ತವು. "ತಾತ, ಇಷ್ಟು ಚೊಕ್ಕಟ ಮಾಡಿದ್ರೂ ಯಾಕೆ ಸತ್ತೋದವು?" ಎಂದು ಮಗು ಕೇಳಿದಾಗ, "ಅವಕ್ಕೆ ವಯಸ್ಸಾಗಿತ್ತಮ್ಮ" ಎಂದುಬಿಟ್ಟೆ.

ನಾಚಿಕೆಯ ಸಂಗತಿಯೆಂದರೆ, ಅವಳ ಪ್ರಶ್ನೆಗೆ ಉತ್ತರವನ್ನು ನಾನೇ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಸಾರಜನಕ ಚಕ್ರ ನಿಮಗೆ ನೆನಪಿರಬಹುದು. ಮೀನು ಹೊರಬಿಡುವ ಕಲ್ಮಷದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವು ನೆಲೆಸುವುದು ಹೆಚ್ಚಾಗಿ ಸ್ಪಂಜಿನಲ್ಲಿ, ಕಲ್ಲುಗಳ ಮೈಮೇಲೆ. ನಾನು ಕೊಳೆಯೆಂದು ಚರಂಡಿಗೆ ಬಿಟ್ಟದ್ದು ಅವುಗಳನ್ನೇ. ಉಳಿದವುಗಳಿಗೆ ನಲ್ಲಿಯ ನೀರಿನ ಕ್ಲೋರಿನ್ ಸಾಕಾಯಿತು. ಅವು ಮತ್ತೆ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನು ತಾಳೀತೆ?

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ವಾಸನೆಯನ್ನು ಓಡಿಸುವ ಮೊದಲು ಅದು ಯಾವ ವಾಸನೆ ಎಂದು ವಿಚಾರಿಸಬೇಕು. ಆರೋಗ್ಯವಾಗಿರುವ ತೊಟ್ಟಿಗೂ ವಾಸನೆಯುಂಟು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಗೆ ಅದು ಹತ್ತಿರ. ಎರಡರಲ್ಲಿಯೂ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿರುತ್ತದೆ. ಅದಕ್ಕೆ ಹೆದರಬೇಕಿಲ್ಲ.

ಕೊಳೆತ ಮೊಟ್ಟೆಯ ವಾಸನೆಯಾದರೆ ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ಕಿಪ್ ಉಪಕರಣ ಕಂಡೊಡನೆ ನೀವು ಮೂಗು ಮುಚ್ಚಿಕೊಂಡು ಹಿಂದಿನ ಬೆಂಚಿಗೆ ಓಡುತ್ತಿದ್ದಿರಲ್ಲ, ಅದೇ ಹೈಡ್ರೋಜನ್ ಸಲ್ಫೈಡ್. ತಳದ ಮರಳು ದಪ್ಪವಾಗಿ, ಆಮ್ಲಜನಕ ಒಳಗಿಳಿಯದ ಕಡೆ ಅದು ಹುಟ್ಟುತ್ತದೆ. ಮರಳನ್ನು ಒಮ್ಮೆಲೇ ಕಲಕಿದರೆ ಆ ವಿಷ ನೀರಿಗೆ ಬರುತ್ತದೆ. ದಿನಕ್ಕಿಷ್ಟಿಷ್ಟು ಭಾಗವನ್ನು ಕೊಳವೆಯಿಂದ ಹೀರಿ ತೆಗೆಯಬೇಕು. ಮಾಂಸ ಕೊಳೆತಂತಿದ್ದರೆ ಕಲ್ಲಿನ ಸಂದಿಯಲ್ಲೋ ಫಿಲ್ಟರಿನ ಹಿಂದೆಯೋ ಯಾವುದೋ ಜೀವಿ ಸತ್ತಿರಬಹುದು, ಇಲ್ಲವೇ ನಾವು ಪ್ರೀತಿಯಿಂದ ಹಾಕಿದ ಹೆಚ್ಚಿನ ಆಹಾರ ಕೊಳೆಯುತ್ತಿರಬಹುದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕುವುದು ಲೇಸು. ಜೌಗು ನೆಲದಂತೆ ನಾರುತ್ತಿದ್ದು, ಹಸಿರು-ನೀಲಿ ಲೋಳೆ ಹಬ್ಬಿದ್ದರೆ ಅದು ಸಯನೋಬ್ಯಾಕ್ಟೀರಿಯ. ಬೆಳಕನ್ನೂ ಆಹಾರವನ್ನೂ ಕಡಿಮೆ ಮಾಡಬೇಕೆಂಬ ಸೂಚನೆ.

ವಾಸನೆ ಮುಚ್ಚಲು ಕೆಲವರು ತೊಟ್ಟಿಯ ಪಕ್ಕದಲ್ಲೇ ಊದುಬತ್ತಿ ಹಚ್ಚುತ್ತಾರೆ, ಸುಗಂಧದ ಸ್ಪ್ರೇ ಹೊಡೆಯುತ್ತಾರೆ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಆದರೆ ಮೂಗನ್ನೇ ಪೂರ್ತಿ ನಂಬುವುದೂ ತಪ್ಪು. ದಿನವೂ ಅದರ ಬಳಿಯೇ ಕುಳಿತಿರುವವರಿಗೆ ವಾಸನೆ ಒಗ್ಗಿಹೋಗುತ್ತದೆ. ಹೊರಗೆ ಹೋಗಿ ಬಂದೊಡನೆ ಮೂಸಿ ನೋಡಬೇಕು. ಇನ್ನು, ನೀರಿನಲ್ಲಿರುವ ಅಮೋನಿಯ ನಮ್ಮ ಮೂಗಿಗೆ ತಿಳಿಯಬೇಕಾದರೆ ಲೀಟರಿಗೆ ಸುಮಾರು 1.5 ಮಿಲಿಗ್ರಾಂ ಇರಬೇಕು. ಅದಕ್ಕಿಂತ ಬಹಳ ಮೊದಲೇ ಅದು ಮೀನಿನ ಕಿವಿರುಗಳನ್ನು ಸುಟ್ಟಿರುತ್ತದೆ. ನನ್ನ ತೊಟ್ಟಿ ಏನೂ ನಾರದಿದ್ದ ಆ ವಾರದಲ್ಲಿಯೇ ಮೀನುಗಳು ಸತ್ತದ್ದು ಹೀಗೆ. ಅಮೋನಿಯ ಪರೀಕ್ಷಿಸುವ ಕಿಟ್ ಒಂದು ಮನೆಯಲ್ಲಿರುವುದು ಒಳ್ಳೆಯದು.

ಮಾಡಬೇಕಾದದ್ದು ಅಷ್ಟೇನೂ ಕಷ್ಟವಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿಯ ನೀರನ್ನು ಒಂದು ದಿನ ಬಾಯಿ ತೆರೆದ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹೋಗುತ್ತದೆ. ಕ್ಲೋರಮೀನ್ ಬೆರೆಸುವ ಊರುಗಳಲ್ಲಿ ಮಾತ್ರ ಅದಕ್ಕೆ ತಕ್ಕ ಔಷಧ ಹಾಕಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ.

ನಿನ್ನೆ ಆ ವಿದ್ಯಾರ್ಥಿ ಮತ್ತೆ ಫೋನ್ ಮಾಡಿದ್ದ. ಕಲ್ಲಿನ ಕೆಳಗೆ ಸತ್ತ ಬಸವನಹುಳು ಸಿಕ್ಕಿತಂತೆ. ಮೀನುಗಳು ಕ್ಷೇಮ.

ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಇದನ್ನು ಅವಳೂ ಓದುತ್ತಾಳೆಂದು ಬಲ್ಲೆ. ಪುಟ್ಟಿ, ಆ ಮೀನುಗಳಿಗೆ ವಯಸ್ಸಾಗಿರಲಿಲ್ಲ.