ಅಂಗಳಕ್ಕೆ ಬರಬೇಕಾದ ಅತಿಥಿಗಳು

ಬಿಸು ಕಳೆದು ವಾರಗಳಾದುವು. ಕಣಿಗೆ ಇಟ್ಟ ಕೊಂದೆ ಹೂವು ಬಾಡಿ ಗೊಬ್ಬರದ ಗುಂಡಿ ಸೇರಿದೆ. ಹೂ ಕೊಯ್ಯಲು ಕೊಕ್ಕೆ ಹಿಡಿದು ಹೋದವರಲ್ಲಿ ಕೆಲವರಾದರೂ ಅದೇ ಮರದ ಚಿಗುರನ್ನು ಹಸಿರು ಹುಳುಗಳು ಮೇಯುತ್ತಿರುವುದನ್ನು ಕಂಡಿರಬೇಕು. 'ಮರಕ್ಕೆ ಹುಳ ಹಿಡಿದಿದೆ, ಮದ್ದು ಬಿಡಬೇಕು' ಎಂದವರೂ ಇರಬಹುದು. ಆ ಹುಳುವೇ ಕೆಲವು ದಿನಗಳಲ್ಲಿ ತಿಳಿಹಳದಿ ರೆಕ್ಕೆಯ ಚಿಟ್ಟೆಯಾಗಿ ಹಾರುತ್ತದೆಂಬುದು ನಮಗೆ ಮರೆತೇಹೋಗಿದೆ. ಚಿಟ್ಟೆ ಬೇಕು, ಹುಳು ಬೇಡ ಎಂದರೆ ಹೇಗೆ?

ಈಗ ನಮ್ಮೂರಿನ ಮನೆಗಳ ಮುಂದೆ ಹೂವಿಗೆ ಬರವೇನಿಲ್ಲ. ನರ್ಸರಿಯಿಂದ ತಂದ ಚಟ್ಟಿಗಳು ಸಾಲಾಗಿ ನಿಂತಿವೆ. ಆದರೆ ದಳದ ಮೇಲೆ ದಳ ತುಂಬಿದ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿರುವುದರಿಂದ ಜೇನ್ನೊಣಕ್ಕೆ ಸಿಗುವ ಪರಾಗ ಅಲ್ಪ. ಐದೆಸಳಿನ ನಾಟಿ ದಾಸವಾಳ, ಗುಡ್ಡೆಯ ಕೆಂಪು ಕೇಪಳ, ರಥಹೂವು, ತುಂಬೆ, ಕೆನೆಬಿಟ್ಟ ತುಳಸಿ - ಹಣ ಕೊಡದೆ ಸಿಗುವ ಇವುಗಳೇ ನಿಜವಾದ ಊಟದ ಎಲೆಗಳು. ಮರಿಹುಳುಗಳಿಗೆ ಬೇಕಾದದ್ದು ಬೇರೆ. ಕರಿಬೇವು, ಲಿಂಬೆ, ಬೇಲಿಯ ಎಕ್ಕ, ಈಶ್ವರ ಬಳ್ಳಿ. ನಮ್ಮ ನೆರೆಯವರು ಗರುಡಕ್ಕೊಡಿ ಎನ್ನುವ ಈ ಬಳ್ಳಿಯನ್ನು ಮರಕ್ಕೆ ಹಬ್ಬಿಸಿದವರ ಹಿತ್ತಿಲಿಗೆ, ಹಕ್ಕಿಯಷ್ಟು ದೊಡ್ಡದಾಗಿ ಕಾಣುವ ಕಪ್ಪು-ಹಳದಿ ಚಿಟ್ಟೆ ಎಂದಾದರೊಂದು ದಿನ ಬಂದೇ ಬರುತ್ತದೆ. ಕೇರಳ ಸರಕಾರವು 2018ರಲ್ಲಿ ರಾಜ್ಯದ ಚಿಟ್ಟೆಯೆಂದು ಘೋಷಿಸಿದ ಬುದ್ಧಮಯೂರಿಗೆ ಬೇಕಾದ ಮುಳ್ಳಿನ ಜುಮ್ಮನ ಮರವನ್ನಂತೂ ಅಂಗಳದಲ್ಲಿ ಬೆಳೆಸಿರೆಂದು ಹೇಳಲಾರೆವು. ತೋಟದ ಕರೆಯಲ್ಲಿ ತಾನಾಗಿ ಎದ್ದದ್ದನ್ನು ಕಡಿಯದಿದ್ದರೆ ಸಾಕು.

ಬೇಸಗೆಯಲ್ಲಿ ಹೂವಿನಷ್ಟೇ ನೀರೂ ಮುಖ್ಯ. ಸುರಂಗದ ನೀರು ನೂಲಿನಂತಾಗುವ ಈ ದಿನಗಳಲ್ಲಿ ತೋಟಕ್ಕೆ ನೀರು ಹಾಯಿಸಿರೆನ್ನುವ ಧೈರ್ಯ ನಮಗಿಲ್ಲ. ಅಕ್ಕಿ ತೊಳೆದ ನೀರು ಹೂಗಿಡಗಳ ಬುಡಕ್ಕೆ ಸಾಕು. ಒಂದು ಮಣ್ಣಿನ ತಟ್ಟೆಯಲ್ಲಿ ನಾಲ್ಕು ಕಲ್ಲು, ಒಂದು ಹಿಡಿ ತೆಂಗಿನ ನಾರು ಹಾಕಿ ನೀರಿಟ್ಟರೆ ಜೇನ್ನೊಣ ಮುಳುಗದೆ ಕುಡಿಯುತ್ತದೆ. ಸೊಳ್ಳೆಯಾಗದಂತೆ ದಿನವೂ ನೀರು ಬದಲಿಸಬೇಕು. ಚಿಟ್ಟೆಗಳಿಗೋ, ಬಾವಿಕಟ್ಟೆಯ ಬಳಿಯ ಒದ್ದೆ ಹೊಯಿಗೆಯೇ ಸಾಕು.

ಇದೆಲ್ಲ ಹೊತ್ತು ಹೋಗದವರ ವಿನೋದವೆಂದು ತಿಳಿಯುವವರು ಮುಳ್ಳುಸೌತೆ, ಕುಂಬಳದ ಸಾಲಿನ ಬಳಿ ಬೆಳಿಗ್ಗೆ ನಿಂತು ನೋಡಲಿ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮುಂಜಾನೆ ಅರಳಿದ ಕುಂಬಳದ ಹೂ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಅಷ್ಟರೊಳಗೆ ನೊಣ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರುವುದೇ ಸರಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗವು ಕೇರಳ, ಕರ್ನಾಟಕಗಳಲ್ಲಿ ತುಡುವೆ ಜೇನಿನ ಕುಟುಂಬಗಳನ್ನು ಗುಡಿಸಿಹಾಕಿದಾಗ ಬರಿದಾದ ಪೆಟ್ಟಿಗೆಗಳನ್ನು ಹಿರಿಯರು ಇನ್ನೂ ಮರೆತಿಲ್ಲ.

ಅದಕ್ಕೂ ಮೊದಲಿನ ಮತ್ತೊಂದು ಮೌನವನ್ನು ಕಾಸರಗೋಡಿನವರು ಮರೆಯಬಾರದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯಂತಹ ಊರುಗಳಲ್ಲಿ ಜೇನು, ಚಿಟ್ಟೆ, ಮೀನುಗಳು ಸತ್ತುದನ್ನು ಜನ ಹೇಳಿದರು, ಕೇಳುವವರಿರಲಿಲ್ಲ. ದೇಶದಲ್ಲಿ ಅದರ ತಯಾರಿ, ಮಾರಾಟಗಳನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಅಷ್ಟು ಬೆಲೆ ತೆತ್ತ ನಾವೇ ಇಂದು ಅಂಗಳದ ಹುಲ್ಲಿಗೆ ಕಳೆನಾಶಕ ಸಿಂಪಡಿಸಿ, ಉಳಿದ ನೆಲಕ್ಕೆ ಇಂಟರ್‌ಲಾಕ್ ಹಾಸಿ, 'ಚೊಕ್ಕಟವಾಯಿತು' ಎನ್ನುತ್ತಿರುವುದು ನಮಗೆ ಅರ್ಥವಾಗದ ಸಂಗತಿ. ಮದ್ದು ಬಿಡಲೇಬೇಕಾದವರು ಹೂ ಬಿಟ್ಟ ಗಿಡಕ್ಕೆ ಬಿಡದಿರಲಿ. ಉಳಿದೆಡೆಗೂ ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಬಿಡಲಿ.

ಪಂಚಾಯತುಗಳಲ್ಲೂ ಒಂದು ಮಾತು. ಉದ್ಯೋಗಖಾತ್ರಿ ಕೆಲಸದಲ್ಲಿ ರಸ್ತೆಯ ಬದಿಯನ್ನು ಸವರುವಾಗ ತುಂಬೆ, ನಾಚಿಕೆಮುಳ್ಳುಗಳನ್ನೂ ಬುಡಸಹಿತ ಕೀಳುವ ಅಗತ್ಯವಿದೆಯೇ? ತಿರುವುಗಳಲ್ಲಿ ವಾಹನ ಕಾಣಬೇಕು, ಒಪ್ಪಿದೆವು. ಉಳಿದ ಕಡೆ ಹೂ ಮುಗಿದು ಬೀಜ ಉದುರುವ ತನಕ ಕತ್ತಿಯನ್ನು ತಡೆಯಬಹುದಲ್ಲ? ಶಾಲೆಗಳ ತರಕಾರಿ ತೋಟದ ಬದುವಿನಲ್ಲಿ ಒಂದು ಸಾಲು ತುಳಸಿ, ಗೊಂಡೆ ಹೂವಿಗೆ ಎಡೆಯಿಲ್ಲದಿಲ್ಲ.

ಪತ್ತನಾಜೆ ಹತ್ತಿರ ಬಂತು. ಮೊದಲ ಮಳೆಗೆ ನೆಟ್ಟ ದಾಸವಾಳ, ಕೇಪಳದ ಗೆಲ್ಲು ಬೇರುಬಿಟ್ಟರೆ ಬರುವ ಬೇಸಗೆಗೆ ಹೂ ಕಾಣಬಹುದು. ರಥಹೂವಿನ ಬುಡದಲ್ಲಂತೂ ಮರಿಗಿಡಗಳು ಎಷ್ಟೋ ಏಳುತ್ತವೆ. ಇದ್ದವರು ಇಲ್ಲದ ನೆರೆಮನೆಗೆ ಎರಡು ಕಿತ್ತು ಕೊಡಲಿ.