ಆ ಫ್ಯಾನ್ ಆಫ್ ಮಾಡಿದ್ದು ನಾನೇ

1/7

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಎಂಸಿಬಿ ಬೋರ್ಡ್. ಬಲಗಡೆಯಿಂದ ಮೂರನೇ ಸ್ವಿಚ್ ಕೆಳಗಿದೆ. ಅದರ ಮೇಲೊಂದು ಬಿಳಿ ಟೇಪ್, ಟೇಪ್ ಮೇಲೆ ಮಾರ್ಕರ್‌ನಲ್ಲಿ "ಆನ್ ಮಾಡಬೇಡಿ".

ಆ ಕೈಬರಹ ನಂದು. ಕಾಲೇಜಲ್ಲಿ ನನ್ನ ಅಸೈನ್‌ಮೆಂಟ್ ಕಾಪಿ ಹೊಡೆದವರಿಗೆಲ್ಲ ಗುರುತು ಸಿಕ್ಕಿರುತ್ತೆ.

ಜಾಗ ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್. ಹೆಸರು ಬೇಡ. ಹೋದ ವರ್ಷ ನಮ್ಮ ಕಂಪನಿ ಅಲ್ಲಿ ಎಸಿ ಕೆಲಸ ಮಾಡ್ತು, ಡ್ರಾಯಿಂಗ್‌ನಲ್ಲಿ ನನ್ನ ಪಾಲೂ ಇತ್ತು. ಹ್ಯಾಂಡೋವರ್ ದಿನ ಫಿಸಿಕ್ಸ್ ಮೇಷ್ಟ್ರು ಬಂದು "ಏನ್ರೀ ಇದು, ಮಿಕ್ಸಿ ಪಕ್ಕ ನಿಂತು ಪಾಠ ಮಾಡಿದ ಹಾಗಿದೆ" ಅಂದ್ರು. ಅವರು ಹೇಳಿದ್ದು ಎಸಿ ಬಗ್ಗೆ ಅಲ್ಲ. ಹೊರಗಿನ ಗಾಳಿಯನ್ನ ಒಳಗೆ ತರೋ ಫ್ಯಾನ್ ಬಗ್ಗೆ. ಮಾಲೀಕರು ನನ್ನ ಮುಖ ನೋಡಿದ್ರು. ನಮ್ಮ ಸೀನಿಯರ್ "ಸದ್ಯಕ್ಕೆ ಆಫ್ ಮಾಡು, ಆಮೇಲೆ ನೋಡೋಣ" ಅಂದ್ರು. ಮಾಡಿದೆ. ಟೇಪ್ ಅಂಟಿಸಿದೆ. ಕ್ಲಾಸ್ ರೂಮ್ ಶಾಂತ ಆಯ್ತು, ಎಲ್ಲರೂ ಖುಷ್, ನಮ್ಮ ಬಿಲ್ಲೂ ಪಾಸ್.

ಹೋದ ವಾರ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಟೇಪ್ ಹಾಗೇ ಇದೆ. ಹತ್ತು ತಿಂಗಳಾಯ್ತು.

2/7

ಈಗ ಆ ರೂಮ್ ಒಳಗೆ ಬನ್ನಿ. 750 ಚದರಡಿ, 10 ಅಡಿ ಎತ್ತರ, 60 ಮಕ್ಕಳು. ಗಾಜಿನ ಕಿಟಕಿ, ತೆರೆಯೋಕೆ ಹಿಡಿಯೇ ಇಲ್ಲ. ಗೋಡೆ ಮೇಲೆ ಎರಡು ಟನ್ನಿನ ಎರಡು ಸ್ಪ್ಲಿಟ್ ಎಸಿ.

ಮೆಕ್ಯಾನಿಕಲ್ ಓದಿರೋ ನಮ್ಮಲ್ಲೇ ಎಷ್ಟೋ ಜನ ಇನ್ನೂ ನಂಬಿರೋ ಒಂದು ಸುಳ್ಳಿದೆ: ಎಸಿ ಹಾಕಿದ್ರೆ ಫ್ರೆಶ್ ಗಾಳಿ ಬರುತ್ತೆ ಅಂತ. ಬರಲ್ಲ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಎಳ್ಕೊಂಡು, ತಣ್ಣಗೆ ಮಾಡಿ, ಅದೇ ಕೋಣೆಗೆ ವಾಪಸ್ ಊದುತ್ತೆ. ಹೊರಗೆ ಇಟ್ಟಿರೋ ಡಬ್ಬದಿಂದ ಒಳಗೆ ಬರೋದು ತಾಮ್ರದ ಪೈಪಲ್ಲಿ ಗ್ಯಾಸ್ ಮಾತ್ರ. ಅಂದ್ರೆ ನೀವು ಎಳ್ಕೊಳ್ತಿರೋ ತಂಪು ಹಿಂದಿನ ಬೆಂಚಿನವನ ಉಸಿರು, 24 ಡಿಗ್ರಿಗೆ ಇಳಿಸಿದ್ದು.

ಲೆಕ್ಕ ಮಾಡೋಣ, ಕ್ಯಾಲ್ಕುಲೇಟರ್ ತೆಗೀರಿ. ಸುಮ್ನೆ ಕೂತಿರೋ ಒಬ್ಬ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ. 60 ಜನಕ್ಕೆ 1080 ಲೀಟರ್. ಕೋಣೆಯ ಗಾತ್ರ 7500 ಘನ ಅಡಿ, ಅಂದ್ರೆ 212 ಘನ ಮೀಟರ್. ಗಾಳಿ ಒಂಚೂರೂ ಬದಲಾಗದಿದ್ರೆ ಒಂದೇ ಗಂಟೆಯಲ್ಲಿ 5000 ಪಿಪಿಎಂ ಏರುತ್ತೆ. ಹೊರಗಡೆ ಇರೋದು 420ರ ಆಸುಪಾಸು. ಬಾಗಿಲು ತೆಗೆದು ಹಾಕೋದು, ಸಂದಿಗೊಂದಿ ಇವೆಲ್ಲ ಸೇರಿ ನಿಜದಲ್ಲಿ ಅಷ್ಟು ಹೋಗಲ್ಲ ಅಂತಿಟ್ಕೊಳ್ಳಿ, ಅರ್ಧ ಹೋದ್ರೂ ಸಾಕಲ್ಲ? ಅಲ್ಲಿ ಕ್ಲಾಸ್ ಒಂದು ಗಂಟೆದಲ್ಲ, ಮೂರು ಗಂಟೆದು.

ಕಾರ್ಬನ್ ಡೈಆಕ್ಸೈಡ್ ಆ ಮಟ್ಟದಲ್ಲಿ ವಿಷ ಅಂತ ನಾನು ಹೇಳ್ತಿಲ್ಲ, ವಾಟ್ಸ್ಆ್ಯಪ್ ಫಾರ್ವರ್ಡ್ ಮಾಡ್ಬೇಡಿ. ಅದು ಮೀಟರ್ ಇದ್ದ ಹಾಗೆ. ಒಬ್ಬರ ಉಸಿರು ಇನ್ನೊಬ್ಬರ ಒಳಗೆ ಎಷ್ಟು ಹೋಗ್ತಿದೆ ಅಂತ ಹೇಳುತ್ತೆ. ಬೆವರಿನ ವಾಸನೆ, ಹೊಸ ಪ್ಲೈವುಡ್ಡಿನ ಅಂಟಿನ ವಾಸನೆ, ಶೀತದ ವೈರಸ್ಸು ಎಲ್ಲ ಅದರ ಜೊತೆಗೇ ಕೂಡ್ಕೊಂಡಿರುತ್ತೆ. ಚೀನಾದ ಗುವಾಂಗ್‌ಝೌನ ರೆಸ್ಟೋರೆಂಟ್ ಕಥೆ ಗೊತ್ತಲ್ವಾ? 2020ರ ಜನವರಿಯ ಒಂದು ಮಧ್ಯಾಹ್ನ, ಅಕ್ಕಪಕ್ಕದ ಮೂರು ಟೇಬಲ್, ಮೂರು ಕುಟುಂಬ, 10 ಜನಕ್ಕೆ ಕೋವಿಡ್. ಎಸಿ ಚೆನ್ನಾಗೇ ಓಡ್ತಿತ್ತು. ಎಕ್ಸಾಸ್ಟ್ ಫ್ಯಾನ್‌ಗಳು ಬಂದ್ ಆಗಿದ್ವು.

ಮೂರನೇ ಗಂಟೆಗೆ ನಿದ್ದೆ ತೂಗೋ ಹುಡುಗನಿಗೆ ಮೇಷ್ಟ್ರು ಬೈತಾರೆ, ರಾತ್ರಿಯೆಲ್ಲ ಮೊಬೈಲ್ ನೋಡ್ತಾನೆ ಅಂತ. ನೋಡಿರಬಹುದು. ಆದ್ರೆ ಅವನ ತಲೆ ಮೇಲೆ ನಾನು ಅಂಟಿಸಿದ ಟೇಪೂ ಇದೆ.

3/7

ಎಷ್ಟು ಗಾಳಿ ಬೇಕಿತ್ತು? ಅಮೆರಿಕದ ಆಶ್ರೇ 62.1 ಸ್ಟ್ಯಾಂಡರ್ಡ್ ಪ್ರಕಾರ ಇಂಥ ಪಾಠದ ಕೋಣೆಗೆ ಒಬ್ಬರಿಗೆ 7.5 ಸಿಎಫ್‌ಎಂ, ಜೊತೆಗೆ ಚದರಡಿಗೆ 0.06. ನಮ್ಮ ರೂಮಿಗೆ 495. ರೌಂಡ್ ಮಾಡಿ 500 ಅನ್ನಿ. ಇದು ಕನಿಷ್ಠ, ಐಷಾರಾಮ ಅಲ್ಲ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರಲ್ಲೂ ಭಾಗ 8, ವಿಭಾಗ 3 ಪೂರ್ತಿ ಇದೇ ವಿಷಯ. ಓದಿದವರು ಕೈ ಎತ್ತಿ.

ಡ್ರಾಯಿಂಗ್‌ನಲ್ಲಿ ಆ 500 ಇತ್ತು. ಕೊಟೇಶನ್‌ನಲ್ಲಿ ಇತ್ತು. ಫ್ಯಾನ್ ಇವತ್ತಿಗೂ ಸೀಲಿಂಗ್ ಮೇಲೆ ನೇತಾಡ್ತಿದೆ. ಕಾಗದದಲ್ಲಿ ಆ ಬಿಲ್ಡಿಂಗ್ ಪಾಸ್.

4/7

ನನ್ನ ಜಗಳ ಇರೋದು ಇಲ್ಲಿ. ಸದ್ದು ಕಡಿಮೆ ಮಾಡೋದನ್ನ ನಾವು ಫೈವ್ ಸ್ಟಾರ್ ಹೋಟೆಲಿನ ಶೋಕಿ ಅಂತ ತಿಳ್ಕೊಂಡಿದ್ದೀವಿ. ಟನ್ ಎಷ್ಟು, ರೇಟ್ ಎಷ್ಟು, ಇಷ್ಟೇ ಮಾತು. ಸದ್ದು? "ಅಡ್ಜಸ್ಟ್ ಆಗ್ತಾರೆ ಬಿಡಿ." ಯಾರೂ ಅಡ್ಜಸ್ಟ್ ಆಗಲ್ಲ ಗುರು. ಸ್ವಿಚ್ ಆಫ್ ಮಾಡ್ತಾರೆ. ಸೆಕೆ ಆದ್ರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತೆ, ಹಾಗಾಗಿ ಎಸಿಯನ್ನ ಯಾರೂ ಆಫ್ ಮಾಡಲ್ಲ. ಗಾಳಿ ಕೆಟ್ಟಿದ್ದು ಗೊತ್ತೇ ಆಗಲ್ಲ, ಮೆಲ್ಲಗೆ ತಲೆ ಭಾರ ಆಗುತ್ತೆ ಅಷ್ಟೆ. ಸದ್ದು ಮಾತ್ರ ತಕ್ಷಣ ಕೇಳುತ್ತೆ. ಹಾಗಾಗಿ ಪ್ರತಿ ಸಲ ಬಲಿ ಬೀಳೋದು ಹೊರಗಾಳಿಯ ಫ್ಯಾನೇ. ಸದ್ದು ಮಾಡೋ ವೆಂಟಿಲೇಶನ್ ಅಂದ್ರೆ ಇಲ್ಲದೇ ಇರೋ ವೆಂಟಿಲೇಶನ್.

ಸದ್ದು ಎಲ್ಲಿಂದ ಬಂತು ಅನ್ನೋದನ್ನ ಹೇಳಲೇಬೇಕು, ಯಾಕಂದ್ರೆ ತಪ್ಪು ಫ್ಯಾನಿಂದಲ್ಲ.

ನನ್ನ ಮೊದಲ ಡ್ರಾಯಿಂಗ್‌ನಲ್ಲಿ ಡಕ್ಟ್ 14 ಇಂಚು ಅಗಲ, 10 ಇಂಚು ಎತ್ತರ. 500 ಸಿಎಫ್‌ಎಂ ಅದರಲ್ಲಿ ನಿಮಿಷಕ್ಕೆ 514 ಅಡಿ ವೇಗದಲ್ಲಿ ಆರಾಮಾಗಿ ಹೋಗುತ್ತೆ. ಆಮೇಲೆ ಇಂಟೀರಿಯರ್‌ನವರು ಬಂದ್ರು. ಬೀಮ್ ಕೆಳಗೆ ಜಾಗ ಇಲ್ಲ, ಫಾಲ್ಸ್ ಸೀಲಿಂಗ್ ಇಳಿಸೋ ಹಾಗಿಲ್ಲ, ಲೋಗೋ ಇರೋ ಲೈಟು ಕಾಣಲ್ಲ ಅಂತ. "10 ಇಂಟು 6 ಮಾಡ್ಕೊಳ್ಳಿ, ಗಾಳಿ ತಾನೇ, ಹೋಗುತ್ತೆ." ಹೋಗುತ್ತೆ, ನಿಜ. ನಿಮಿಷಕ್ಕೆ 1200 ಅಡಿ ವೇಗದಲ್ಲಿ. ನಾನು ಡ್ರಾಯಿಂಗ್ ತಿದ್ದಿ ಕೊಟ್ಟೆ. ಎರಡು ನಿಮಿಷದ ಕೆಲಸ.

ಡಕ್ಟಿನ ತಿರುವು, ಡ್ಯಾಂಪರ್, ಗ್ರಿಲ್ ಹತ್ರ ಹುಟ್ಟೋ ಗಾಳಿಯ ಸದ್ದು ವೇಗ ಡಬಲ್ ಆದಾಗ ಸುಮಾರು 15ರಿಂದ 18 ಡೆಸಿಬೆಲ್ ಏರುತ್ತೆ. ನಮ್ಮದು ಡಬಲ್‌ಗಿಂತ ಜಾಸ್ತಿ, 20ರ ಹತ್ರ ಅನ್ನಿ. 10 ಡೆಸಿಬೆಲ್ ಏರಿದ್ರೆ ಕಿವಿಗೆ ಎರಡು ಪಟ್ಟು ಕೇಳುತ್ತೆ, 20 ಏರಿದ್ರೆ ನಾಲ್ಕು ಪಟ್ಟು. ಅಷ್ಟಕ್ಕೇ ಮುಗೀಲಿಲ್ಲ. ಕಿರಿದಾದ ಡಕ್ಟಿನಲ್ಲಿ ಗಾಳಿ ತಳ್ಳೋಕೆ ಐದು ಪಟ್ಟಿಗೂ ಮಿಕ್ಕಿ ಒತ್ತಡ ಬೇಕು. ಅದಕ್ಕೆ ಜೋರು ಫ್ಯಾನ್ ಬಂತು. ಅದನ್ನ ಸ್ಲ್ಯಾಬಿಗೆ ರಬ್ಬರ್ ಇಲ್ಲದೆ ನೇರ ರಾಡಲ್ಲಿ ನೇತು ಹಾಕಿದ್ರು, ಸ್ಲ್ಯಾಬೇ ಗುಂಯ್ ಅಂತು. ಕೊನೆಗೆ ಗಾಳಿ ಜಾಸ್ತಿ ಬರ್ತಿದೆ ಅಂತ ಯಾರೋ ಗ್ರಿಲ್ ಹಿಂದಿನ ಡ್ಯಾಂಪರ್ ಅರ್ಧ ಮುಚ್ಚಿದ್ರು. ಅಲ್ಲಿಂದ ಶುರು ಆಯ್ತು ಕುಕ್ಕರ್ ಸೀಟಿ ಥರ ಸುಯ್ಯ್. ಗಾಳಿ ತಡೆಯೋ ಡ್ಯಾಂಪರ್ ಕಿವಿಯಿಂದ ದೂರ ಇರಬೇಕು, ಡಕ್ಟ್ ಕವಲೊಡೆಯೋ ಕಡೆ. ಗ್ರಿಲ್ಲಿನ ಬೆನ್ನಿಗೆ ಅಂಟ್ಕೊಂಡಿರಬಾರದು.

ಲಿಯೋ ಬೆರಾನೆಕ್ ಅನ್ನೋ ಅಮೆರಿಕದ ವಿಜ್ಞಾನಿ ಕೋಣೆಗಳ ಸದ್ದು ಅಳೆಯೋ ಎನ್‌ಸಿ ರೇಖೆಗಳನ್ನ ಕೊಟ್ಟಿದ್ದು 1957ರಲ್ಲಿ. ಪಾಠದ ಕೋಣೆಗೆ ಎನ್‌ಸಿ 25ರಿಂದ 30, ಓಪನ್ ಆಫೀಸಿಗೆ 40ರ ತನಕ ನಡೆಯುತ್ತೆ. ಇಷ್ಟು ವರ್ಷ ಆದ್ಮೇಲೂ ನಾನು ಕೈ ಹಾಕಿರೋ ಒಂದು ಕೊಟೇಶನ್‌ನಲ್ಲೂ ಆ ಎರಡಕ್ಷರ ನೋಡಿಲ್ಲ. ಟನ್ ಇರುತ್ತೆ, ಬ್ರ್ಯಾಂಡ್ ಇರುತ್ತೆ, ರಿಮೋಟ್ ವೈರ್‌ಲೆಸ್ಸಾ ಅಂತಲೂ ಇರುತ್ತೆ.

5/7

ಕಾಮೆಂಟಲ್ಲಿ ಒಬ್ಬರು ಬರೆದೇ ಬರೀತಾರೆ: "ಕಿಟಕಿ ತೆಗೆದ್ರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ?"

ಈ ಮಾತಿಗೆ ನನಗೆ ಮರ್ಯಾದೆ ಇದೆ. ನಮ್ಮಜ್ಜಿ ಮನೇಲಿ ತೊಟ್ಟಿ ಇತ್ತು, ಅಡುಗೆಮನೆ ಸೂರಲ್ಲಿ ಗವಾಕ್ಷಿ ಇತ್ತು. ಬಿಸಿ ಗಾಳಿ ಮೇಲಿಂದ ಹೋಗೋದು, ತಂಪು ಕೆಳಗಿಂದ ಬರೋದು, ಸದ್ದು ಸೊನ್ನೆ, ಕರೆಂಟ್ ಬಿಲ್ ಸೊನ್ನೆ. ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರೋ ಬೆಂಗಳೂರಿನ ಹವೆಗೆ ವರ್ಷದಲ್ಲಿ ಎಷ್ಟೋ ತಿಂಗಳು ಅದೇ ಸಾಕು. ಹಾಕಿ, ಪುಣ್ಯ ಕಟ್ಕೊಳ್ಳಿ.

ಆದ್ರೆ ಈ ಕೋಚಿಂಗ್ ಸೆಂಟರ್ ಮೇನ್ ರೋಡಿಗೆ ಮುಖ ಮಾಡಿದೆ. ಕೆಳಗೆ ಸಿಗ್ನಲ್. ಕಿಟಕಿ ತೆಗೆದ್ರೆ ಬರೋದು ಬಿಎಂಟಿಸಿ ಬಸ್ಸಿನ ಏರ್‌ಬ್ರೇಕು, ಹಾರ್ನು, ಧೂಳು. ಗಮನಿಸಿ, ಕಿಟಕಿ ಮುಚ್ಚಿಸಿದ್ದೂ ಸದ್ದೇ. ಹೊರಗಿನ ಸದ್ದು ಕಿಟಕಿ ಮುಚ್ಚಿಸ್ತು, ಒಳಗಿನ ಸದ್ದು ಫ್ಯಾನ್ ನಿಲ್ಲಿಸ್ತು. ಉಳಿದಿದ್ದು ಗಾಜಿನ ಡಬ್ಬಿ, ಅದರೊಳಗೆ 60 ಮಕ್ಕಳು. ಫಿಲ್ಟರ್ ಇರೋ ಸದ್ದಿಲ್ಲದ ಫ್ಯಾನ್ ಬೇಕಾಗೋದು ಇಂಥ ಕಡೆಯೇ.

6/7

ಈ ಫೋಟೋ ನೋಡಿ ನಗ್ತೀರಾ ಅಂತ ಗೊತ್ತು. ಆಫೀಸಿನ ಸೀಲಿಂಗ್ ಡಿಫ್ಯೂಸರ್‌ಗೆ ಆನ್‌ಲೈನ್ ಪಾರ್ಸೆಲ್ಲಿನ ರಟ್ಟು, ಸುತ್ತ ಬ್ರೌನ್ ಟೇಪ್. ನಿಮ್ಮ ಆಫೀಸಲ್ಲೂ ಒಂದಿರುತ್ತೆ, ತಲೆ ಎತ್ತಿ ನೋಡಿ.

ಅಡ್ಮಿನ್‌ನವರು ಇದನ್ನ ಅಶಿಸ್ತು ಅಂತಾರೆ. ನಾನು ಇದನ್ನ ದೂರು ಅರ್ಜಿ ಅಂತೀನಿ. ಕೆಳಗೆ ಕೂತಿರೋ ಅಕ್ಕನ ಕತ್ತಿಗೆ ಬೆಳಿಗ್ಗೆಯಿಂದ ಸಂಜೆ ತನಕ ತಣ್ಣನೆ ಗಾಳಿ ಸುರೀತಿದೆ, ಅವರು ಶಾಲು ಹೊದ್ದು ಕೆಲಸ ಮಾಡ್ತಿದ್ದಾರೆ, ನಾಲ್ಕು ಟೇಬಲ್ ಆಚೆ ಇನ್ನೊಬ್ಬರು ಬೆವರ್ತಿದ್ದಾರೆ. ಒಳ್ಳೆ ಡಿಫ್ಯೂಸರಿನಿಂದ ಬಂದ ಗಾಳಿ ಸೀಲಿಂಗಿಗೆ ಅಂಟ್ಕೊಂಡು ದೂರ ಹೋಗಿ, ಕೋಣೆಯ ಗಾಳಿ ಜೊತೆ ಬೆರೆತು, ಆಮೇಲೆ ಮೆಲ್ಲಗೆ ಕೆಳಗಿಳೀಬೇಕು. ಕೋಆಂಡಾ ಎಫೆಕ್ಟ್, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಐದು ಮಾರ್ಕಿಗೆ ಬರೆದಿದ್ದೀವಲ್ಲ, ಅದೇ. ಡಿಫ್ಯೂಸರ್ ಸೈಜು ಗಾಳಿಗೆ ತಕ್ಕ ಹಾಗಿಲ್ದಿದ್ರೆ, ಅಥವಾ ಗಾಳಿ ತೀರಾ ಕಮ್ಮಿಯಾದ್ರೆ, ಅದು ಸೀಲಿಂಗ್ ಬಿಟ್ಟು ದಬಕ್ ಅಂತ ತಲೆ ಮೇಲೆ ಬೀಳುತ್ತೆ. ಡೆನ್ಮಾರ್ಕಿನ ಫಾಂಗರ್ ಜೀವನಪೂರ್ತಿ ಅಳೆದು ತೋರಿಸಿದ್ರು: ಬರೀ ಉಷ್ಣತೆ ಅಲ್ಲ, ಗಾಳಿಯ ವೇಗ, ಅದರ ಏರುಪೇರು ಎಲ್ಲ ಸೇರಿಯೇ ಚಳಿ ಕಾಡೋದು. ಥರ್ಮೋಸ್ಟಾಟ್‌ನಲ್ಲಿ 24 ಅಂತ ತೋರಿಸಿ "ಸರಿಯಾಗೇ ಇದೆ ಮೇಡಂ" ಅಂತ ಹೇಳಿ ಬರೋದು ಮೋಸ. ನಾನೂ ಹೇಳಿದ್ದೀನಿ.

7/7

ಮಾಲೀಕರ ಕೊನೇ ಅಸ್ತ್ರ ಯಾವಾಗ್ಲೂ ಕರೆಂಟ್ ಬಿಲ್. ಅದಕ್ಕೂ ಲೆಕ್ಕ ಇಟ್ಕೊಳ್ಳಿ, ಸೈಟಲ್ಲಿ ಕೆಲಸಕ್ಕೆ ಬರುತ್ತೆ. ದೊಡ್ಡ ಡಕ್ಟ್ ಇದ್ರೆ 500 ಸಿಎಫ್‌ಎಂ ತಳ್ಳೋ ಫ್ಯಾನಿಗೆ ಸುಮಾರು 150 ವ್ಯಾಟ್ ಸಾಕು. ಎರಡು ಹಳೇ ಸೀಲಿಂಗ್ ಫ್ಯಾನಿನಷ್ಟು. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ ಇದ್ದಾಗ ಆ ಗಾಳಿ ತಣ್ಣಗೆ ಮಾಡೋಕೆ ಒಂದು ಟನ್ನಿನಷ್ಟು ಹೆಚ್ಚಿನ ಹೊರೆ. ಒಪ್ಕೋತೀನಿ, ಪುಕ್ಕಟೆ ಅಲ್ಲ. ಆದ್ರೆ ಡಿಸೆಂಬರ್ ಬೆಳಿಗ್ಗೆ ಅದೇ ಗಾಳಿ ನಿಮ್ಮ ಎಸಿಯ ಕೆಲಸವನ್ನೇ ಮಾಡಿಕೊಡುತ್ತೆ. ಹೈದರಾಬಾದಿನ ಇನ್ಫೋಸಿಸ್ ಕ್ಯಾಂಪಸ್ಸಿನ ಒಂದು ಕಟ್ಟಡದಲ್ಲಿ ಅರ್ಧ ಭಾಗಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಸ್ಲ್ಯಾಬಿನೊಳಗೆ ತಣ್ಣೀರಿನ ಪೈಪು ಮತ್ತು ಉಸಿರಿಗೆ ಬೇಕಾದಷ್ಟೇ ಹೊರಗಾಳಿ ಕೊಟ್ಟು ಹೋಲಿಸಿ ನೋಡಿದ್ರು. ಎರಡನೇ ಅರ್ಧ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ವಿದ್ಯುತ್ ತಗೊಂಡ್ತು. ಹೊರಗಾಳಿ ಕೊಡೋದು ಅಂದ್ರೆ ದುಡ್ಡು ಸುಡೋದು ಅನ್ನೋರಿಗೆ ಇದನ್ನ ತೋರಿಸಿ.

ನಿಮ್ಮಲ್ಲಿ ಮುಂದಿನ ವರ್ಷ ಎಚ್‌ವಿಎಸಿ ಕಂಪನಿ ಸೇರೋರು ಇದ್ದೀರಾ. ಮೊದಲ ತಿಂಗಳಲ್ಲೇ ಯಾರೋ ಒಬ್ಬರು ಬಂದು "ಡಕ್ಟ್ ಚಿಕ್ಕದು ಮಾಡು" ಅಂತಾರೆ. ಆಗ ಎರಡು ನಿಮಿಷದಲ್ಲಿ ಡ್ರಾಯಿಂಗ್ ತಿದ್ದಬೇಡಿ. ಹೊಸ ವೇಗ ಎಷ್ಟು, ಸದ್ದು ಎಷ್ಟು ಏರುತ್ತೆ ಅಂತ ಬರೆದು ಮೇಲ್ ಹಾಕಿ, "ಇದಕ್ಕೆ ಒಪ್ಪಿಗೆ ಕೊಡಿ" ಅಂತ ಕೇಳಿ. ಜೂನಿಯರ್ ಕೇಳಿದ್ರೆ ಬೈತಾರೆ, ಗೊತ್ತು. ನಾನು ಬೈಸ್ಕೊಳ್ಳೋಕೆ ಹೆದರಿದ್ದೇ ಆ ಟೇಪು.

ಹೋದ ವಾರ ಮಾಲೀಕರ ಹತ್ರ ಕೂತು ಇದನ್ನೆಲ್ಲ ಹೇಳಿದೆ. "ನಿಮ್ಮದೇ ತಪ್ಪಿಗೆ ನಾನ್ಯಾಕೆ ದುಡ್ಡು ಕೊಡ್ಲಿ" ಅಂದ್ರು. ನ್ಯಾಯವಾದ ಮಾತು. ನಮ್ಮ ಕಂಪನಿ ಕೊಡಲ್ಲ, ವಾರಂಟಿ ಬರಲ್ಲ ಅಂತು. ಕೊನೆಗೆ ಹೀಗೆ ಒಪ್ಪಂದ ಆಗಿದೆ: ಬೀಮಿನ ಇನ್ನೊಂದು ಬದಿಯಲ್ಲಿ ಇನ್ನೊಂದು 10 ಇಂಟು 6 ಡಕ್ಟ್ ಎಳೀಬಹುದು, ಲೋಗೋ ಲೈಟಿಗೆ ತೊಂದರೆ ಇಲ್ಲ. ಗಾಳಿ ಎರಡರಲ್ಲಿ ಹಂಚಿ ಹೋದ್ರೆ ವೇಗ 600ಕ್ಕೆ ಇಳಿಯುತ್ತೆ, ಫ್ಯಾನನ್ನೂ ನಿಧಾನ ಓಡಿಸಬಹುದು. ತಗಡಿನ ದುಡ್ಡು ಅವರದು, ರಬ್ಬರ್ ಹ್ಯಾಂಗರಿನ ದುಡ್ಡು ನಂದು, ಕೂಲಿ ಡಕ್ಟ್ ಕೆಲಸದ ಅಣ್ಣ ಅರ್ಧ ಬಿಟ್ಟಿದ್ದಾರೆ. ಗ್ರಿಲ್ ಹಿಂದಿನ ಡ್ಯಾಂಪರ್ ನಾನೇ ಬಿಚ್ತೀನಿ.

ಭಾನುವಾರ ಕ್ಲಾಸ್ ಇಲ್ಲ, ಬೆಳಿಗ್ಗೆ ಎಂಟಕ್ಕೆ ಶುರು. ಏಣಿ ಹಿಡ್ಕೊಳ್ಳೋಕೆ ಇಬ್ಬರು ಬೇಕು, ಡಿಎಂ ಮಾಡಿ. ತಿಂಡಿ ನಂದು. ಸೋಮವಾರ ಫಿಸಿಕ್ಸ್ ಮೇಷ್ಟ್ರು ಪಾಠ ಮಾಡ್ತಿರುವಾಗ ಹಿಂದಿನ ಬೆಂಚಲ್ಲಿ ಮೀಟರ್ ಇಟ್ಕೊಂಡು ಕೂತ್ಕೋತೀನಿ. ಎಂಟನೇ ಪೋಸ್ಟ್ ಆ ರೀಡಿಂಗಿಂದು, ಏನೇ ಬಂದ್ರೂ ಹಾಕ್ತೀನಿ.