ಹೊಳೆಗೆ ಬಿದ್ದ ಹೊಲ ಯಾರ ಲೆಕ್ಕ?

ಜಲಾಶಯದ ದಂಡೆ ಕುಸಿತ ಅಂದ್ರೆ ಸೈಬೀರಿಯಾದ ಬ್ರಾಟ್ಸ್ಕ್‌ನಂಥ ಚಳಿನಾಡಿನ ಕಥೆ ಅಂತ ಸುಮ್ಮನಿರಬೇಡಿ. ಅಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ, ಕರಗಿ ದಂಡೆ ಸಡಿಲಾಗುತ್ತೆ. ನಮ್ಮ ಅಥಣಿ, ರಾಯಬಾಗದ ಎರಿಮಣ್ಣಿಗೆ ಹಿಮ ಯಾಕೆ ಬೇಕು, ಬೇಸಿಗೆಯ ಬಿರುಕೇ ಸಾಕು! ಕೆಳಗೆ ಹಿಪ್ಪರಗಿ ಬ್ಯಾರೇಜಿನ ಹಿನ್ನೀರು, ಮೇಲಿಂದ ಕೃಷ್ಣೆಯ ನೆರೆ. ನೆನೆದ ದಂಡೆ ಬೀಳೋದು ನೀರು ಸರ್ರನೆ ಇಳಿದಾಗ. ಹೊರಗಿನ ಆಸರೆ ಹೋಗಿರುತ್ತೆ, ಒಳಗಿನ ನೀರಿನ ಭಾರ ಹಾಗೇ ಇರುತ್ತೆ.

2005, 2019, 2021... ಪ್ರತಿ ನೆರೆಯಲ್ಲೂ ಬಿದ್ದ ಮನೆ, ಕೊಳೆತ ಕಬ್ಬಿನದೇ ಮಾತು. ಹೊಳೆಗೆ ಬಿದ್ದ ಹೊಲ? ಉತಾರದಲ್ಲಿ ಎಕರೆ ಅಷ್ಟೇ ಇರುತ್ತೆ (ಸಾಲವೂ!).

ಪರಿಹಾರ ಇಲ್ಲವೇ ಇಲ್ಲ ಅಂತಲ್ಲ. ಕೇಂದ್ರದ 2022ರ ವಿಪತ್ತು ಪರಿಹಾರ ಮಾನದಂಡದಲ್ಲಿ, ನದಿ ಪಾತ್ರ ಬದಲಾಗಿ ನೆಲ ಹೋದರೆ ಹೆಕ್ಟೇರಿಗೆ 47,000 ರೂ., ಅದೂ ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. 2025ರ ನವೆಂಬರ್‌ನಲ್ಲಿ ಸರ್ಕಾರ ಹೇಳಿದ ಟನ್ನಿಗೆ 3,300 ರೂ. ದರ ಹಿಡಿದರೆ ಸುಮಾರು ಹದಿನಾಲ್ಕು ಟನ್ ಕಬ್ಬಿನ ದುಡ್ಡು. ಎರಡೂವರೆ ಎಕರೆ ನೆಲ, ಕಾಯಂ ಆಗಿ ಹೋಗಿದ್ದು, ಇಷ್ಟಕ್ಕೆ! ಗೇಟು ಹಾಕಿ ನಿಲ್ಲಿಸಿದ ನೀರು ಕೊರೆದದ್ದಕ್ಕೆ ಆ ಪಟ್ಟಿಯಲ್ಲಿ ಹೆಸರೂ ಇಲ್ಲ.

ದಂಡೆಯ ಹೊಲಗಳನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಲಿ. ಹೋದಷ್ಟನ್ನು ಭೂಸ್ವಾಧೀನ ಅಂತಲೇ ಕೊಂಡುಕೊಳ್ಳಲಿ. ಜಲಾಶಯವೇ ನುಂಗಿದ್ದು ತಾನೇ?